ಚರಗದ ಕಡಬು ಮಾವನ ಬಾಯಿಗೆ

ಬನ್ನಿ, ಹತ್ತಿರ ಸರಿದು ಕೂಡಿ. ನಗು ಬಂದರೆ ತಡೆದುಕೊಳ್ಳಬೇಡಿ, ಅಡಿವೆಪ್ಪ ಬೇಸರ ಮಾಡಿಕೊಳ್ಳುವ ಪೈಕಿ ಅಲ್ಲ.

ಒಂದೂರಲ್ಲಿ ಬಾಳವ್ವ ಅಂತ ಒಬ್ಬ ತಾಯಿ. ಗಂಡ ತೀರಿಕೊಂಡಿದ್ದ, ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಅವನೇ ಅಡಿವೆಪ್ಪ. ಮೀಸೆ ಬಂದಿತ್ತು, ಎತ್ತಿನಂಥ ಮೈ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದು ಮಾಡುವುದಿಲ್ಲ ಅಂತ ಅವನ ಮೇಲೆ ಯಾರೂ ದೂರು ಹೇಳುವ ಹಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

"ಇವನ್ನ ಹಡೆಯೂ ಬದಲಿ ಒಂದು ಒಳ್ಳಕಲ್ಲು ಹಡೆದಿದ್ರ ಖಾರಾನರ ಕುಟ್ಟಿಕೊಳ್ತಿದ್ನಿ!" ಅಂತ ಬಾಳವ್ವ ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ಪಂಚಮಿ ಹಬ್ಬ. ಬಾಳವ್ವ ಬೆಳಗೆದ್ದು ಪಡಸಾಲೆಯನ್ನೆಲ್ಲ ಸೆಗಣಿ ಹಾಕಿ ಸಾರಿಸಿದಳು. ಮಗನನ್ನು ಬಾಗಿಲಲ್ಲಿ ನಿಲ್ಲಿಸಿದಳು.

"ನಾ ನೀರಿಗೆ ಹೋಗಿ ಬರ್ತೇನಿ. ನೆಲ ಒಣಗೂತನಕ ಯಾರೂ ಹೊಸ್ತಿಲ ದಾಟಬಾರದು ನೋಡು. ಯಾರೂ ಅಂದ್ರ ಯಾರೂ!"

"ಆತು ಯವ್ವಾ."

ಅಷ್ಟರಲ್ಲಿ ಬಂದವನು ಯಾರು? ಬಾಳವ್ವನ ಒಡಹುಟ್ಟಿದ ಅಣ್ಣ ಕೊಟ್ರಪ್ಪ. ಪಕ್ಕದೂರಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಬೇಕಲ್ಲ, ಟಂಟಂ ಗಾಡಿ ಮಾಡಿಕೊಂಡು, ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಅಡಿವೆಪ್ಪ ಬಾಗಿಲಿಗೆ ಕೋಲು ಅಡ್ಡ ಹಿಡಿದ.

"ದಾಟಂಗಿಲ್ರಿ ಮಾವಾರ!"

"ಯಾಕಲೇ?"

"ಯಾರೂ ದಾಟಬಾರದು ಅಂತ ಅವ್ವ ಹೇಳ್ಯಾಳ್ರಿ."

"ನಾ ಆಕಿ ಅಣ್ಣ ಅದೇನಿ!"

"ಯಾರೂ ಅಂದ್ರ ಯಾರೂ ಅಂತ ಎರಡು ಸಲ ಹೇಳ್ಯಾಳ್ರಿ!"

ಓಣಿಯ ಜನವೆಲ್ಲ ಹಬ್ಬದ ಬಟ್ಟೆ ಉಟ್ಟು ನಿಂತು ನೋಡಿತು. ಕೊಟ್ರಪ್ಪನ ಮುಖ ಕೆಂಪಗಾಯಿತು. "ಪಂಚಮಿ ದಿನ ಅಣ್ಣನ್ನ ಹೊಸ್ತಿಲ ಹೊರಗ ನಿಲ್ಲಸ್ಯಾಳ! ಇನ್ನ ಮ್ಯಾಲ ಈ ಹೊಸ್ತಿಲ ತುಳಿಯಂಗಿಲ್ಲ. ಈಕಿ ಮಾಡಿದ ತುತ್ತನ್ನ ನನ್ನ ಈ ಕೈ ಮುಟ್ಟಂಗಿಲ್ಲ!" ಅಂತ ಕೈ ಎತ್ತಿ ಆಣೆ ಮಾಡಿ, ಬಂದ ಗಾಡಿಯಲ್ಲೇ ತಿರುಗಿ ಹೋದ.

ಬಾಳವ್ವ ಕೊಡ ಹೊತ್ತು ಬರುವಷ್ಟರಲ್ಲಿ ಟಂಟಂ ಎಬ್ಬಿಸಿದ ಧೂಳು ಮಾತ್ರ ಉಳಿದಿತ್ತು. ಕೊಡ ಇಳಿಸಿ ಪಕ್ಕದೂರಿಗೆ ಓಡಿದಳು. "ಅಣ್ಣಾ, ನನ್ನ ಮಾತು ಕೇಳು" ಅಂದಳು. ಕೊಟ್ರಪ್ಪ ಗಿರಣಿ ಚಾಲೂ ಮಾಡಿದ. ಅವಳು ಅತ್ತದ್ದು, ಹೇಳಿದ್ದು ಎಲ್ಲ ಆ ಗರಗರ ಸದ್ದಿನಲ್ಲಿ ಹೋಯಿತು. ಆವತ್ತಿನಿಂದ ಅವಳಿಗೆ ತವರಿನ ಬಾಗಿಲು ಮುಚ್ಚಿತು.

"ಬಾಗಿಲಿಗೆ ಬಂದವರಿಗೆ ‘ಬರ್ರಿ, ಒಳಗ ಕೂಡ್ರಿ’ ಅನ್ನಬೇಕೋ ನನ್ನಪ್ಪಾ!" ಅಂತ ಮಗನಿಗೆ ಬೈದಳು. ಮರುದಿನ ರೊಟ್ಟಿ ಮಾರಿ ಮನೆಗೆ ಬಂದರೆ ಓಣಿಯ ಎಮ್ಮೆ ಪಡಸಾಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅಡಿವೆಪ್ಪ ಅದಕ್ಕೆ ನೀರು ಕೊಟ್ಟು ಬೀಸಣಿಕೆ ಬೀಸುತ್ತಿದ್ದ.

ದಸರೆ ಹೋಯಿತು, ದೀಪಾವಳಿ ಹೋಯಿತು. ಬಾಳವ್ವ ರೊಟ್ಟಿ ಬಡಿಯುತ್ತ ಅಳುವಳು, ಅಳುತ್ತ ರೊಟ್ಟಿ ಬಡಿಯುವಳು. ಹೀಗಿರುವಾಗ ರೊಟ್ಟಿ ಒಯ್ಯಲು ಬಂದವರೊಬ್ಬರು ಒಂದು ಸುದ್ದಿ ಹೇಳಿದರು. ಹೊಳೆದಂಡೆಯಲ್ಲಿ ‘ಅಜ್ಜನ ಕಾಲದ ಹೊಲ’ ಅಂತ ಒಂದು ಜಾಗ ಮಾಡಿದ್ದಾರೆ. ಅಲ್ಲಿ ಟ್ರಾಕ್ಟರ್ ಇಲ್ಲ, ಕರೆಂಟ್ ಇಲ್ಲ, ಫೋನೂ ಇಲ್ಲ. ಎತ್ತು ಹೂಡುತ್ತಾರೆ, ಕಣದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತಿರುಗಿಸಿ ತೆನೆ ತುಳಿಸುತ್ತಾರೆ, ಬೀಸುಕಲ್ಲಲ್ಲಿ ಬೀಸುತ್ತಾರೆ. ಪೇಟೆಯವರು ಟಿಕೆಟ್ ತಗೊಂಡು ಬಂದು, ಹಿಂದಿನವರು ಬಾಳಿದ್ದು ಹೀಗಂತೆ ಅಂತ ನೋಡಿ ಹೋಗುತ್ತಾರೆ.

ಬಾಳವ್ವನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಅಲ್ಲೇ ನಿಂತಿತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಹೊಲವಿದ್ದವರೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಮೊದಲ ಅನ್ನವನ್ನು ಭೂಮಿತಾಯಿಗೆ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಬಾಳವ್ವನ ಅಪ್ಪನ ಹೊಲ ಸರ್ಕಾರದವರು ಕಾಲುವೆ ತೋಡುವಾಗ ಹೋಗಿತ್ತು. ಚರಗ ಚೆಲ್ಲಲು ಅಣ್ಣನಿಗೂ ಅಂಗೈಯಗಲ ನೆಲವಿರಲಿಲ್ಲ. ಅವನು ಆ ದಿನ ಗಿರಣಿ ಬಂದ್ ಮಾಡಿ ಮೂಲೆಯಲ್ಲಿ ಕೂಡುತ್ತಾನೆ ಅಂತ ಅವಳಿಗೆ ಗೊತ್ತು.

"ಆ ಹೊಲ ನನ್ನ ಮನಿ ಅಲ್ಲ. ಅಲ್ಲಿ ಹೊಸ್ತಿಲನ ಇಲ್ಲ! ಎಲ್ಲಾರೂ ಕೂಡಿ ಹೋಗೂಣು. ಒಂದು ತುತ್ತು ಅಣ್ಣನ ಹೊಟ್ಟಿಗೆ ಇಳೀತಂದ್ರ ಸಿಟ್ಟೂ ಇಳೀತೈತಿ" ಅಂದುಕೊಂಡಳು. ಅಲ್ಲಿಗೆ ಹೋಗಿಯೇ ದಿನ ಗೊತ್ತು ಮಾಡಿಕೊಂಡು ಬರಬೇಕು. ಹಬ್ಬದ ರೊಟ್ಟಿಯ ಕೆಲಸ ಒಲೆಯ ಮುಂದೆ ಗುಡ್ಡದಷ್ಟು ಬಿದ್ದಿತ್ತು. ಇದ್ದವನು ಅಡಿವೆಪ್ಪ ಒಬ್ಬನೇ.

"ಅಲ್ಲಿಯವರು ಹೇಳಿದ್ದನ್ನ ಸರಿಯಾಗಿ ಕೇಳ್ಕೊ. ಮರೀಬ್ಯಾಡ!" ಅಂತ ಕಳಿಸಿದಳು.

ಹೊಲದ ಬಾಗಿಲಲ್ಲಿ ಕಾವಲಿನ ಮುದುಕ ಬಂದವರಿಗೆಲ್ಲ ಹೇಳುವ ಮಾತನ್ನೇ ಇವನಿಗೂ ಹೇಳಿದ. "ಇಲ್ಲಿಂದ ಒಳಗ ಕಾಲಿಟ್ರ ನೂರು ವರ್ಷದ ಹಿಂದಿನ ಕಾಲ, ನೆನಪಿಟ್ಕೊ."

ಅಡಿವೆಪ್ಪ ನೆನಪಿಟ್ಟುಕೊಂಡ. ಒಳಗೆ ಆ ಜಾಗ ನಡೆಸುವ ಸುಲೋಚನಾ ಮೇಡಂ ಕೂತಿದ್ದರು.

"ಎಳ್ಳಮಾವಾಸ್ಯೆಗಾ? ಯಾರ ಹೆಸರಿಗೆ ಬರಕೊಳ್ಳಲಪ್ಪಾ?"

"ನಮ್ಮವ್ವ ಬಾಳವ್ವನ ಹೆಸರಿಗೆ ಅನ್ನೂದಿತ್ತರಿ. ಆದ್ರ ಆಕಿ ಇನ್ನೂ ಹುಟ್ಟಿಲ್ಲರಿ."

"ಏನಂದಿ?"

"ನೂರು ವರ್ಷದ ಹಿಂದ ಎಲ್ಲಿ ಹುಟ್ಟಿರ್ತಾಳ್ರಿ? ನಾನೂ ಹುಟ್ಟಿಲ್ಲರಿ. ಹುಟ್ಟಿದ ಮ್ಯಾಲ ಬರ್ತೇನ್ರಿ!" ಅಂತ ಕೈಮುಗಿದು ಬಂದೇ ಬಿಟ್ಟ.

ಬಾಳವ್ವ ಇದನ್ನು ಕೇಳಿ ಲಟ್ಟಣಿಗೆ ಎತ್ತಿದಳು. "ಯಪ್ಪಾ ನನ್ನ ಕರ್ಮವೇ! ಅವರು ಏನು ಕೇಳಿದ್ರೂ ‘ಹೂಂ’ ಅನ್ನು. ಎದುರು ಮಾತು ಬ್ಯಾಡ, ಲೆಕ್ಕಾಚಾರ ಬ್ಯಾಡ. ಹೂಂ ಅಂದು ಬಾ!"

ಅಡಿವೆಪ್ಪ ಮತ್ತೆ ಹೋದ.

"ಹುಟ್ಟಿ ಬಂದಿಯೇನಪ್ಪಾ?" ಅಂದರು ಮೇಡಂ ನಗುತ್ತ.

"ಹೂಂ."

"ಎಳ್ಳಮಾವಾಸ್ಯೆಗೇ ಬರ್ತೀರಿ?"

"ಹೂಂ."

"ನೋಡಪ್ಪಾ, ಆವತ್ತು ನಮ್ಮ ಆಳುಗಳೆಲ್ಲ ತಮ್ಮ ತಮ್ಮ ಹೊಲಕ್ಕ ಚರಗ ಚೆಲ್ಲಾಕ ಹೋಗ್ತಾರ. ಎತ್ತು ಹೊಡಿಯವರಿಲ್ಲ, ಬೀಸವರಿಲ್ಲ. ಪೇಟಿಯಿಂದ ನೋಡಾಕ ಬಸ್ ತುಂಬಿ ಜನ ಬರ್ತಾರ. ನಿಮ್ಮ ಮನಿಯವರು ಹಿಂದಿನ ಕಾಲದವರಂಗ ಇದ್ದು ಎಲ್ಲಾ ಮಾಡಿ ತೋರಸ್ತೀರೇನು?"

"ಹೂಂ."

"ಖರೇನ?"

"ಹೂಂ!"

ಮೇಡಂ ದೇವರೇ ಬಂದ ಹಾಗೆ ಎದ್ದು ನಿಂತು ಕೈಮುಗಿದರು. ಅಡಿವೆಪ್ಪ ಮನೆಗೆ ಬಂದು, "ಹೂಂ ಅಂದು ಬಂದ್ನಿ ಯವ್ವಾ" ಅಂದ. ಬಾಳವ್ವ ಖುಷಿಯಿಂದ ಒಂದು ಬೆಲ್ಲದ ಚೂರು ಕೊಟ್ಟು ಬೆನ್ನು ಸವರಿದಳು. ಏನೇನು ಕೇಳಿದರು ಅಂತ ವಿಚಾರಿಸಲೇ ಇಲ್ಲ. ವಿಚಾರಿಸಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು.

ಇನ್ನು ಅಣ್ಣನನ್ನು ಕರೆಯಬೇಕು. ತಾನು ಹೋದರೆ ಗಿರಣಿ ಮತ್ತೆ ಗರಗರ ಅಂದೀತು ಅಂತ ಮಗನನ್ನೇ ಕಳಿಸಿದಳು. ಅಡಿವೆಪ್ಪ ಹೋಗಿ, "ಎಳ್ಳಮಾವಾಸ್ಯೆಗೆ ಎಲ್ಲಾರೂ ಅಜ್ಜನ ಕಾಲದ ಹೊಲಕ್ಕ ಹೋಗೂಣು, ಬರಬೇಕಂತ ನೋಡ್ರಿ ಮಾವಾರ" ಅಂದ. ಅಷ್ಟರ ಮಟ್ಟಿಗೆ ಚೆನ್ನಾಗಿಯೇ ಹೇಳಿದ. ಆಮೇಲೆ ಕೊಟ್ರಪ್ಪ ಕೇಳತೊಡಗಿದ.

"ಹೊಲ ಇಲ್ಲದಾಂವ ಅಂತ ನಿಮ್ಮವ್ವ ನನ್ನ ಅಣಕಸ್ತಾಳೇನು?"

"ಹೂಂ."

"ನನ್ನ ಮನ್ಯಾಗ ಉಣ್ಣಾಕಿಲ್ಲ ಅಂತ ತಿಳದಾಳೇನು?"

"ಹೂಂ."

"ನಿನಗ ಕಪಾಳಕ್ಕ ಬಿಡಲೇನು?"

"ಹೂಂ!"

ಆ ಮೂರನೆಯದನ್ನು ಕೊಟ್ರಪ್ಪ ಅಲ್ಲೇ ನಡೆಸಿಕೊಟ್ಟ. ಕೆನ್ನೆ ಊದಿಸಿಕೊಂಡು ಬಂದ ಮಗನನ್ನು ನೋಡಿ ಬಾಳವ್ವನಿಗೆ ಸಿಟ್ಟು ಬರಲಿಲ್ಲ, ಎದೆ ಒಡೆಯಿತು. ಇಷ್ಟಕ್ಕೇ ಮುಗಿಯಿತೇ, ತವರು ಅನ್ನುವುದು ಇನ್ನು ಇಲ್ಲವೇ ಅಂತ ಒಲೆಯ ಮುಂದೆ ಕುಸಿದು ಕೂತಳು. ಆದರೆ ಬಿಡುವ ಹೆಂಗಸಲ್ಲ. ಬೆಳಗ್ಗೆ ಮಗನ ಕೆನ್ನೆಗೆ ಅರಿಶಿನ ಹಚ್ಚಿ ಮತ್ತೆ ಹೇಳಿದಳು.

"ದೊಡ್ಡವರ ಮುಂದ ಹೂಂ ಹೂಂ ಅನ್ನಬಾರದೋ ಹುಚ್ಚಾ! ಬಾಯಿ ಮುಚ್ಚಿಕೊಂಡು ಕಾಲ ಹಿಡಿ. ‘ಬರ್ತೇನಿ’ ಅನ್ನೂತನಕ ಕಾಲ ಬಿಡಬ್ಯಾಡ!"

ಗಿರಣಿಯಲ್ಲಿ ಜನ ಜೋಳದ ಚೀಲ ಇಟ್ಟುಕೊಂಡು ನಿಂತಿದ್ದರು. ಅಡಿವೆಪ್ಪ ಸೀದಾ ಒಳಗೆ ನುಗ್ಗಿ, ತುಟಿ ಬಿಗಿದು, ಮಾವನ ಎರಡೂ ಕಾಲು ತಬ್ಬಿಕೊಂಡ.

"ಏನಲೇ? ಏನ ಬೇಕು?"

ಮಾತಿಲ್ಲ.

"ಹಿಟ್ಟ ಬೇಕೇನು?"

ಮಾತಿಲ್ಲ. ಕೊಟ್ರಪ್ಪ ಬೈದ, ಒದರಾಡಿದ, ಅವನನ್ನು ಎಳೆದುಕೊಂಡೇ ಗಿರಣಿಯ ಈ ತುದಿಯಿಂದ ಆ ತುದಿಗೆ ನಡೆದ. ಕಾಲು ಬಿಡಬೇಕಲ್ಲ! ಜನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಗೆ ಕೊಟ್ರಪ್ಪನ ಹೆಂಡತಿ ಪಾರವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತ ಬಂದಳು.

"ನಿನ್ನೆ ಕರದು ಹೋಗ್ಯಾನಲ್ಲ, ಅದಕ್ಕ ಬಂದಾನ. ‘ಬರ್ತೇನಿ’ ಅನ್ರಿ, ಬಿಡ್ತಾನ."

"ಅನ್ನಂಗಿಲ್ಲ!"

"ಹಂಗಾರ ರಾತ್ರಿ ನಿಮ್ಮ ಕಾಲಾಗ ಇವಂಗೂ ಹಾಸಿಗಿ ಹಾಸ್ತೇನಿ."

"ಬರ್ತೇನಿ ಮಾರಾಯಾ, ಬರ್ತೇನಿ!"

ಅಡಿವೆಪ್ಪ ತಟ್ಟನೆ ಕಾಲು ಬಿಟ್ಟ. ಕೊಟ್ರಪ್ಪ ಹಿಂದಕ್ಕೆ ಹಿಟ್ಟಿನ ರಾಶಿಯಲ್ಲಿ ಬಿದ್ದ. ಅಡಿಯಿಂದ ಮುಡಿತನಕ ಬೆಳ್ಳಗಾಗಿ ಎದ್ದು ಬೆರಳು ಆಡಿಸಿದ. "ಬರ್ತೇನಿ. ಆದ್ರ ನಮ್ಮ ಬುತ್ತಿ ನಾವು ತರ್ತೇವಿ. ಆಕಿ ತುತ್ತು ಈ ಕೈ ಮುಟ್ಟಂಗಿಲ್ಲ!"

ಎಳ್ಳಮಾವಾಸ್ಯೆ ಬಂತು. ಬಾಳವ್ವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿದಳು. ಅಣ್ಣನಿಗೆ ಜೀವವಾದ ಹೂರಣದ ಕಡಬು ಮಾಡಿದಳು, ಅವ್ವ ಮಾಡುತ್ತಿದ್ದ ಹಾಗೇ ಏಲಕ್ಕಿ ಜೊತೆ ಸ್ವಲ್ಪ ಶುಂಠಿ ಹಾಕಿ. ದಾರಿಯಲ್ಲಿ ಮಗನಿಗೆ ಬುದ್ಧಿ ಹೇಳಿದಳು.

"ಇವತ್ತ ಗಟ್ಟಿ ಹಿಡಕೊಂಡು ಕೂಡೂ ದಿನ ಅಲ್ಲ. ಚರಗ ಅಂದ್ರ ಧಾರಾಳ ಇರಬೇಕು, ಬುಟ್ಟಿ ಬರಿದಾಗೂತನಕ ಚೆಲ್ಲು. ಇನ್ನೊಂದು ಮಾತು. ನಮ್ಮ ಬುಟ್ಟಿಯ ಮೊದಲನೇ ತುತ್ತು ಮಾವನ ಬಾಯಿಗೇ ಬೀಳಬೇಕು. ಅದಕ್ಕೂ ಮೊದಲ ಒಂದು ಅಗಳೂ ಎಲ್ಲೂ ಬೀಳಬಾರದು. ತಿಳೀತೇನು?"

"ತಿಳೀತು ಯವ್ವಾ."

ಪಾಪ, ತಾಯಿ. ನಂಬಿದಳು.

ಹೊಲದ ಬಾಗಿಲಲ್ಲಿ ಕೊಟ್ರಪ್ಪ, ಪಾರವ್ವ ತಮ್ಮ ಬುಟ್ಟಿ ಹಿಡಿದು ನಿಂತಿದ್ದರು. ಅಣ್ಣ ತಂಗಿಯ ಕಡೆ ನೋಡಲಿಲ್ಲ, ಮೋಡ ನೋಡಿದ. ಅಷ್ಟರಲ್ಲಿ ಸುಲೋಚನಾ ಮೇಡಂ ಓಡಿ ಬಂದು ಕೊಟ್ರಪ್ಪನ ಕೈಗೆ ಬಾರುಕೋಲು ಕೊಟ್ಟರು. ಹೆಂಗಸರಿಗೆ ಬೀಸುಕಲ್ಲು ತೋರಿಸಿದರು. "ಬ್ಯಾಗ ಶುರು ಮಾಡ್ರಿ, ಬಸ್ ಬಂತು!"

"ಅಯ್ಯ, ನಾವು ನೋಡಾಕ ಬಂದೇವ್ರಿ!" ಅಂದಳು ಬಾಳವ್ವ.

"ನೀವು ತೋರಸವರು, ನೋಡವರು ಅವರು. ನಿಮ್ಮ ಮಗ ಹೂಂ ಅಂದಾನಲ್ಲ!"

ಬಾಳವ್ವನ ಜೀವ ಬಾಯಿಗೆ ಬಂತು. ಅಣ್ಣ ಈಗ ಬಾರುಕೋಲು ಎಸೆದು ಹೋಗಿಯೇ ಬಿಡುತ್ತಾನೆ, ಇದೂ ನನ್ನದೇ ಅಣಕ ಅನ್ನುತ್ತಾನೆ ಅಂದುಕೊಂಡಳು. ಕೊಟ್ರಪ್ಪ ಎಸೆಯುವವನೇ ಇದ್ದ. ಬಸ್ಸಿನಿಂದ ಇಳಿದ ಕಪ್ಪು ಕನ್ನಡಕದವನೊಬ್ಬ, "ಈ ಅಜ್ಜನಿಗೆ ಎತ್ತು ಹೊಡೆಯೋಕೆ ಬರುತ್ತಾ? ಸುಮ್ಮನೆ ವೇಷ ಹಾಕಿ ನಿಲ್ಲಿಸಿರಬೇಕು" ಅಂದ.

"ಯಾರಿಗೆ ಬರಂಗಿಲ್ಲ?" ಅಂದ ಕೊಟ್ರಪ್ಪ. ರುಮಾಲು ಬಿಗಿದ. ಧೋತರದ ಕಚ್ಚೆ ಮೇಲೆ ಕಟ್ಟಿದ. ಕಣಕ್ಕೆ ಇಳಿದು "ಹೋ... ಹೋ... ಬಾ ನನ್ನ ರಾಜಾ!" ಅಂದ. ಎತ್ತುಗಳು ಕಿವಿ ನಿಮಿರಿಸಿ ಸುತ್ತ ತಿರುಗಿದವು. ಅಪ್ಪನ ಹೊಲ ಹೋದ ಮೇಲೆ ಎತ್ತಿನ ಬಾಲ ಮುಟ್ಟದ ಕೈ ಅದು, ಆದರೂ ಒಂದು ಸುತ್ತಿನಲ್ಲಿ ಎಲ್ಲ ನೆನಪಾಯಿತು. ಎರಡನೆಯ ಸುತ್ತಿಗೆ ಹಾಡು ಬಂತು. ಮೂರನೆಯ ಸುತ್ತಿಗೆ ಕಪ್ಪು ಕನ್ನಡಕದವನು ಕನ್ನಡಕ ತೆಗೆದು ನೋಡುತ್ತಿದ್ದ.

ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂಡಬೇಕು, ಒಂದೇ ಗೂಟಕ್ಕೆ ಇಬ್ಬರ ಕೈ ಬೀಳಬೇಕು. ಬಾಳವ್ವ, ಪಾರವ್ವ ಕೂತರು. ಮಾತಾಡದೆ ಬೀಸಿದರೆ ಕಲ್ಲು ಓಡುತ್ತದೆಯೇ?

"ಅತ್ತಿಗೆವ್ವಾ, ಸ್ವಲ್ಪ ನಿನ್ನ ಕಡೆ ಎಳಿ."

"ಎಳದೇ ಎಳಿತೀನವಾ. ಮನ್ಯಾಗ ಗಿರಣಿ ಇಟಗೊಂಡು ಇಲ್ಲಿ ಬೀಸಾಕ ಬಂದೇನಿ ನೋಡು ನಾ!"

ಇಬ್ಬರೂ ನಕ್ಕರು. ನಕ್ಕಿದ್ದೇ ಕಲ್ಲು ಹಗುರಾಯಿತು. ಬಾಳವ್ವನಿಗೆ ಎಷ್ಟೋ ತಿಂಗಳ ಮೇಲೆ ಎದೆಯಲ್ಲಿ ಒಂದಿಷ್ಟು ಗಾಳಿ ಆಡಿತು.

ಮಧ್ಯಾಹ್ನ ಚರಗದ ಹೊತ್ತಾಯಿತು. ಯಜಮಾನ ಮುಂದೆ ಚರಗದ ಕೂಗು ಹಾಕುತ್ತ ಹೋಗಬೇಕು, ಹಿಂದಿನವನು ಅದಕ್ಕೆ ಮರುಕೂಗು ಕೊಟ್ಟು ಚೆಲ್ಲುತ್ತ ಬರಬೇಕು. ಕೊಟ್ರಪ್ಪ ಈಗ ಪೂರಾ ಯಜಮಾನನಾಗಿದ್ದ. ಜೋಳದ ಬೆಳೆಯ ನಡುವೆ ಎದೆಯುಬ್ಬಿಸಿ ಹೊರಟ.

"ಹುಲ್ಲುಲ್ಲಿಗೋ!"

"ಚಳ್ಳಾಂಬ್ರಿಗೋ!" ಅಂತ ಹಿಂದಿನಿಂದ ಅಡಿವೆಪ್ಪ. ಪೇಟೆಯ ಜನವೂ ಸಾಲಾಗಿ ಹಿಂದೆ ಹಿಂದೆ.

"ಹುಲ್ಲುಲ್ಲಿಗೋ!"

"ಚಳ್ಳಾಂಬ್ರಿಗೋ!"

ಹೊಲವೆಲ್ಲ ಸುತ್ತಿ ಬನ್ನಿ ಮರದ ಬುಡಕ್ಕೆ ಬಂದು ಕೊಟ್ರಪ್ಪ ತಿರುಗಿ ನೋಡಿದ. ಅಡಿವೆಪ್ಪನ ಕೈಯಲ್ಲಿ ಒಂದು ಬುಟ್ಟಿ, ಬರಿದೋ ಬರಿದು. ಯಾರದ್ದು? ಬಾಳವ್ವನದಲ್ಲ. ಕೊಟ್ರಪ್ಪನದು! ರೊಟ್ಟಿ ಹೋಗಿತ್ತು, ಪಲ್ಯ ಹೋಗಿತ್ತು, ಮೊಸರಿನ ಗಡಿಗೆ ಸಹ ಬೋರಲಾಗಿತ್ತು. ಹೊಲದ ತುಂಬ ಕಾಗೆ, ಗುಬ್ಬಿ, ಬೆಳ್ಳಕ್ಕಿಗಳಿಗೆ ಹಬ್ಬವೋ ಹಬ್ಬ.

"ನಮ್ಮ ಬುತ್ತಿ!"

"ಬರಿದಾಗೂತನಕ ಚೆಲ್ಲು ಅಂದಾಳ್ರಿ ಅವ್ವ."

"ನಿಮ್ಮ ಬುಟ್ಟಿ ಚೆಲ್ಲಬೇಕಾಗಿತ್ತಲೇ!"

"ಹೆಂಗ ಚೆಲ್ಲಾಕ ಬರ್ತೈತ್ರಿ? ನಮ್ಮ ಬುಟ್ಟಿಯ ಮೊದಲನೇ ತುತ್ತು ನಿಮ್ಮ ಬಾಯಿಗೇ ಬೀಳಬೇಕಂತ. ಅದಕ್ಕೂ ಮೊದಲ ಒಂದು ಅಗಳೂ ಎಲ್ಲೂ ಬೀಳಬಾರದಂತ."

ಬಾಳವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮುಗಿಯಿತು. ಉಪವಾಸ ಮನೆಗೆ ಹೋಗುತ್ತಾನೆ ಅಣ್ಣ. ಹಬ್ಬದ ದಿನ ಅಣ್ಣನನ್ನು ಉಪವಾಸ ಕಳಿಸಿದವಳು ಅಂತ ಇನ್ನೊಂದು ಹೆಸರು.

ಕೊಟ್ರಪ್ಪ ಕಣ್ಣು ಕೆಂಪಗೆ ಮಾಡಿ, ಎದೆ ತುಂಬ ಉಸಿರು ತಗೊಂಡು, ಬಾಯಿ ಅಗಲಿಸಿ ಕೂಗಿದ. "ಏ ಅಡಿವ್ಯಾಆಆ..."

ಆ ಬಾಯಿ ಅಷ್ಟಗಲ ತೆರೆದದ್ದೇ ತಡ, ಅಡಿವೆಪ್ಪ ಮರದ ಬುಡದಲ್ಲಿಟ್ಟಿದ್ದ ಅವ್ವನ ಬುಟ್ಟಿಯಿಂದ ಒಂದು ಕಡಬು ಎತ್ತಿ ಬೀಸಿ ಒಗೆದ. ಗುರಿಯಂದರೆ ಗುರಿ! ಕಡಬು ಸೀದಾ ಮಾವನ ಬಾಯಿಗೆ ಬಿತ್ತು.



ಕೊಟ್ರಪ್ಪ ಉಗುಳಲು ಹೋದ. ಚರಗದ ದಿನ ಹೊಲದಲ್ಲಿ ನಿಂತು ಅನ್ನ ಉಗುಳುವುದುಂಟೇ? ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ಅಗಿದ. ಅಗಿದ ಮೇಲೆ ಏಲಕ್ಕಿ ಸಿಕ್ಕಿತು, ಅದರ ಹಿಂದೆ ಶುಂಠಿ ಸಿಕ್ಕಿತು. ಅವನ ದವಡೆ ನಿಧಾನವಾಯಿತು. ಕಣ್ಣಂಚು ಒದ್ದೆಯಾಯಿತು. ನುಂಗಿದ.

"ಇದು ಅವ್ವನ ಕಡಬು" ಅಂದ ಮೆಲ್ಲಗೆ.

"ಹೂಂ ಅಣ್ಣಾ" ಅಂದಳು ಬಾಳವ್ವ.

"ಆಣಿ ಮುರೀತಲ್ಲಲೇ!" ಅಂತ ಕೊಟ್ರಪ್ಪ ಅಡಿವೆಪ್ಪನ ಕಡೆ ತಿರುಗಿದ.

"ಎಲ್ಲಿ ಮುರೀತ್ರಿ? ಕೈ ಮುಟ್ಟಂಗಿಲ್ಲ ಅಂದಿದ್ರಿ. ಕೈ ಮುಟ್ಟೇ ಇಲ್ಲಲ್ರಿ!"

ಕೊಟ್ರಪ್ಪ ತನ್ನ ಎರಡೂ ಕೈ ಎತ್ತಿ ನೋಡಿಕೊಂಡ. ಹೌದಲ್ಲ! ಒಂದು ಅಗಳೂ ಅಂಟಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ, ಕಾಲು ಅಗಲಿಸಿ ನಿಂತ, ಬಾಯಿ ತೆರೆದ.

"ಇನ್ನೊಂದು ಒಗಿಯಲೇ!"

ಒಗೆದ. ಬಿತ್ತು! ಮತ್ತೊಂದು ಒಗೆದ. ಬಿತ್ತು! ಪೇಟೆಯವರು ಇದೂ ಹಿಂದಿನ ಕಾಲದ ಪದ್ಧತಿ ಅಂತ ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ತಮ್ಮ ತಮ್ಮ ಡಬ್ಬಿ ಬಿಚ್ಚಿ ಹೆಂಡತಿ ಗಂಡನ ಬಾಯಿಗೆ, ಅಳಿಯ ಅತ್ತೆಯ ಬಾಯಿಗೆ ಒಗೆಯತೊಡಗಿದರು. ಅರ್ಧ ಬಾಯಿಗೆ, ಅರ್ಧ ಹೊಲಕ್ಕೆ. ಅಂಥ ಚರಗವನ್ನು ಭೂಮಿತಾಯಿ ಹಿಂದೆಂದೂ ಕಂಡಿರಲಿಲ್ಲ. ಪಾರವ್ವ ನಕ್ಕೂ ನಕ್ಕೂ ಮರಕ್ಕೆ ಒರಗಿದಳು. ಬಾಳವ್ವ ಅಳುತ್ತ ನಗುತ್ತ, ನಗುತ್ತ ಅಳುತ್ತ, ಮಗನ ಕೈಗೆ ಕಡಬು ಎತ್ತಿ ಎತ್ತಿ ಕೊಟ್ಟಳು. ಗೆದ್ದಳು ಬಾಳವ್ವ, ಗೆದ್ದೇ ಬಿಟ್ಟಳು!

ಹೊಟ್ಟೆ ತುಂಬಿದ ಮೇಲೆ ಕೊಟ್ರಪ್ಪ ಟಂಟಂ ತರಿಸಿದ. "ನಡಿ ತಂಗೆವ್ವಾ, ಪಂಚಮಿ ಇವತ್ತ ಮಾಡೂಣು" ಅಂದ. ಆಮೇಲೆ ಅಡಿವೆಪ್ಪನ ಕಿವಿ ಹಿಂಡಿ ಹೇಳಿದ. "ಅನ್ನ ಒಗಿಯೂದು ಸಾಕಲೇ, ದೊಡ್ಡವರಿಗೆ ಹಂಗ ಮಾಡಬಾರದು. ಈಗ ನಿಮ್ಮವ್ವನ ಬಲಗೈ ಹಿಡಕೊಂಡು ಮರ್ಯಾದಿಯಿಂದ ನಮ್ಮ ಮನಿಗೆ ಕರಕೊಂಡು ಬಾ. ನಾ ‘ಬಿಡು’ ಅನ್ನೂತನಕ ಬಿಡಬ್ಯಾಡ!"

"ಆತ್ರಿ ಮಾವಾರ!"

ಹಿಡಿದ. ಟಂಟಂನಲ್ಲಿ ಹಿಡಿದೇ ಇದ್ದ. ಪಾರವ್ವ ಕಾಲಿಗೆ ನೀರು ಹಾಕಿದಳು, ಹಿಡಿದೇ ಇದ್ದ. ಬಾಳವ್ವ ತವರಿನ ಹೊಸ್ತಿಲು ದಾಟಿದಳು, ಹಿಡಿದೇ ಇದ್ದ. ಮಣೆ ಹಾಕಿದರು, ತಾಟು ಇಟ್ಟರು, ಬಿಸಿ ಅನ್ನ ಬಡಿಸಿದರು.

"ಬಿಡೋ ಮಗನ, ಉಣ್ಣಬೇಕು."

"ಮಾವಾರು ಹೇಳಿಲ್ಲ."

"ಎಡಗೈಲೆ ಉಣ್ಣಲೇನೋ, ಖೋಡಿ?"

"ಮಾವಾರು ಹೇಳಿಲ್ಲ!"

ಎಲ್ಲರೂ ಕೊಟ್ರಪ್ಪನ ಮುಖ ನೋಡಿದರು. ಒಂದೇ ಒಂದು ಮಾತು, ‘ಬಿಡು’ ಅಂದರೆ ಆಗಿತ್ತು. ಕೊಟ್ರಪ್ಪ ಅನ್ನಲಿಲ್ಲ. ಬಂದು ತಂಗಿಯ ಎದುರು ಕೂತ. ತಾಟಿನಲ್ಲಿ ಕೈ ಇಟ್ಟು ಅನ್ನ ಕಲಸಿದ. ತುತ್ತು ಮಾಡಿ, ಚಿಕ್ಕವಳಿದ್ದಾಗ ತಿನ್ನಿಸುತ್ತಿದ್ದ ಹಾಗೆ, ಅವಳ ಬಾಯಿಗೆ ಇಟ್ಟ.

ಮೊನ್ನೆ ಆ ಊರಿನ ಗಿರಣಿಗೆ ಜೋಳ ಬೀಸಿಸಲು ಹೋದವರನ್ನು ಕೇಳಿದೆ. ಬಾಳವ್ವ ಇನ್ನೂ ತವರಲ್ಲೇ ಇದ್ದಾಳಂತೆ. ಬಲಗೈ ಮಗನ ಕೈಯಲ್ಲೇ ಇದೆಯಂತೆ. ಎರಡು ಹೊತ್ತೂ ಅಣ್ಣನೇ ಉಣಿಸುತ್ತಾನಂತೆ, ‘ಬಿಡು’ ಅನ್ನುವುದನ್ನು ಮಾತ್ರ ಇನ್ನೂ ಹೇಳಿಲ್ಲವಂತೆ.